ಕ್ರೀಡಾ ಪ್ರಶ್ನೋತ್ತರ: ಭಾರತದ ಕಿರಿಯರ ಫುಟ್‌ಬಾಲ್ ತಂಡ

ಪ್ರಶ್ನೆ: ನಮ್ಮ ಕಿರಿಯರ ಫುಟ್‌ಬಾಲ್ ತಂಡ ಒಂದು ಕಾಲದಲ್ಲಿ ಏಷ್ಯಾ ಚಾಂಪಿಯನ್ ಆಗಿತ್ತು ಎಂದು ತಂದೆಯವರು ಆಗಾಗ ಹೇಳುತ್ತಾರೆ. ಇದು ನಿಜವೇ ಅಥವಾ ಹಳಬರ ಅಭಿಮಾನದ ಮಾತೇ?
– ಓದುಗರು, ದಾವಣಗೆರೆ

ನಿಮ್ಮ ತಂದೆಯವರ ನೆನಪು ಗಟ್ಟಿಯಾಗಿದೆ. 1974ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯಾ ಯೂತ್ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಭಾರತ ಮತ್ತು ಇರಾನ್ 2–2ರಲ್ಲಿ ಸಮಬಲ ಸಾಧಿಸಿದವು. ಎರಡೂ ತಂಡಗಳಿಗೆ ಜಂಟಿಯಾಗಿ ಪ್ರಶಸ್ತಿ ಸಂದಿತು. ನಮ್ಮ ನಾಯಕ ಹೈದರಾಬಾದಿನ ಶಬ್ಬೀರ್ ಅಲಿ. ತರಬೇತಿ ಕೊಟ್ಟವರು ಅರುಣ್ ಘೋಷ್, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ರಕ್ಷಣಾ ಆಟಗಾರ. ಎದುರಾಳಿ ಎಂಥವರು ಎಂಬುದನ್ನೂ ಗಮನಿಸಿ: 1973ರಿಂದ 1976ರವರೆಗೆ ಪ್ರತಿ ವರ್ಷವೂ ಈ ಪ್ರಶಸ್ತಿಯನ್ನು ಇರಾನ್ ಒಂಟಿಯಾಗಿಯೋ ಜಂಟಿಯಾಗಿಯೋ ಗೆದ್ದಿದೆ. ಅಂಥವರನ್ನು ನಮ್ಮ ಹುಡುಗರು ತಡೆದು ನಿಲ್ಲಿಸಿದರು.

ನನ್ನನ್ನು ಇಂದಿಗೂ ಕಾಡುವುದು ಮುಂದಿನ ಸಂಗತಿ. ಫಿಫಾ ಕಿರಿಯರ ವಿಶ್ವ ಟೂರ್ನಿಯನ್ನು ಆರಂಭಿಸಿದ್ದು 1977ರಲ್ಲಿ, ಟ್ಯುನೀಷಿಯಾದಲ್ಲಿ. 1974ರಲ್ಲಿ ಏಷ್ಯಾ ಗೆದ್ದವರಿಗೆ ಮುಂದೆ ಹೋಗಲು ವಿಶ್ವಕಪ್ ಎಂಬುದೇ ಇರಲಿಲ್ಲ. ಮೂರು ವರ್ಷ ತಡವಾಗಿ ಹುಟ್ಟಿದ್ದರೆ ಆ ತಂಡದ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇರುತ್ತಿತ್ತೇನೋ. ಶಬ್ಬೀರ್ ಅವರಿಗೆ ಧ್ಯಾನ್ ಚಂದ್ ಪ್ರಶಸ್ತಿ ಬಂದದ್ದು 2011ರಲ್ಲಿ, ಅಂದರೆ ಆ ಫೈನಲ್ ಮುಗಿದು 37 ವರ್ಷಗಳಾದ ಮೇಲೆ.

ಪ್ರಶ್ನೆ: 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಆತಿಥೇಯರಾಗಿದ್ದೂ ಭಾರತ ಮೂರಕ್ಕೆ ಮೂರೂ ಪಂದ್ಯ ಸೋತಿತು. ಆದರೂ ನಿಮ್ಮಂಥವರು ಆ ತಂಡವನ್ನು ಇಷ್ಟು ಹೊಗಳುವುದು ಏಕೆ?
– ಓದುಗರು, ಚಿಕ್ಕಮಗಳೂರು

ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಅಮೆರಿಕದ ಎದುರು 0–3, ಕೊಲಂಬಿಯಾ ಎದುರು 1–2, ಘಾನಾ ಎದುರು 0–4. ಅಂಕಪಟ್ಟಿಯಲ್ಲಿ ಸೊನ್ನೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಪಂದ್ಯವನ್ನು ಅಂಕಪಟ್ಟಿಯಲ್ಲಿ ಓದುವುದು ಬೇರೆ, ಕುಳಿತು ನೋಡುವುದು ಬೇರೆ.

ಅಕ್ಟೋಬರ್ 9ರ ರಾತ್ರಿ ನಾನು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿದ್ದೆ. ಮೊದಲಾರ್ಧದ ಕೊನೆಯಲ್ಲಿ ರಾಹುಲ್ ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ಹಿಂದಿರುಗಿತು. ವಿರಾಮದ ನಂತರ ಕೊಲಂಬಿಯಾದ ಪೆನಲೋಜಾ ಗೋಲು ಹೊಡೆದ. ಗೋಲ್‌ಕೀಪರ್ ಧೀರಜ್ ಸಿಂಗ್ ಒಂದಾದ ಮೇಲೊಂದು ಹೊಡೆತ ತಡೆದು ನಮ್ಮನ್ನು ಪಂದ್ಯದಲ್ಲಿ ಉಳಿಸಿದ್ದ. 82ನೇ ನಿಮಿಷದಲ್ಲಿ ಕಾರ್ನರ್. ಸಂಜೀವ್ ಸ್ಟಾಲಿನ್ ಎಡಗಾಲಿನಿಂದ ಕಳಿಸಿದ ಚೆಂಡಿಗೆ ಮಣಿಪುರದ ಜೀಕ್ಸನ್ ಸಿಂಗ್ ಎಲ್ಲರಿಗಿಂತ ಎತ್ತರಕ್ಕೆ ಹಾರಿ ತಲೆಕೊಟ್ಟ. ಫಿಫಾ ವಿಶ್ವಕಪ್‌ಗಳ ಇತಿಹಾಸದಲ್ಲಿ ಭಾರತದ ಮೊದಲ ಗೋಲು ಅದು. ನನ್ನ ಪಕ್ಕದಲ್ಲಿದ್ದ ಅಪರಿಚಿತರು ನನ್ನನ್ನು ಬಿಗಿದಪ್ಪಿದ್ದರು. ಅವರು ಕೈ ಬಿಡುವಷ್ಟರಲ್ಲಿ ಪೆನಲೋಜಾ ಮತ್ತೆ ಗೋಲು ಹೊಡೆದಾಗಿತ್ತು. ನಡುವೆ ಕಳೆದದ್ದು ಒಂದೇ ನಿಮಿಷ.

ಆ ಒಂದು ನಿಮಿಷದಲ್ಲೇ ಕಿರಿಯರ ಫುಟ್‌ಬಾಲ್‌ನ ಪಾಠವೆಲ್ಲ ಇದೆ ಎನ್ನುವುದು ನನ್ನ ಬಲವಾದ ಅಭಿಪ್ರಾಯ. ಗೋಲು ಹೊಡೆದ ತಂಡ ಮುಂದಿನ ಕೆಲವು ನಿಮಿಷ ಹೇಗೆ ನಿಲ್ಲಬೇಕು, ಯಾರು ಯಾರನ್ನು ಕಾಯಬೇಕು, ಸಂಭ್ರಮವನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ತರಬೇತಿ ಶಿಬಿರದಲ್ಲಿ ಬರುವ ವಿದ್ಯೆಯಲ್ಲ. ದೊಡ್ಡ ಪಂದ್ಯಗಳನ್ನು ಆಡಿ ಆಡಿಯೇ ಬರಬೇಕು. ಅಮೆರಿಕದ ವಿರುದ್ಧವೂ ಹಾಗೆಯೇ ಆಯಿತು. ಅನ್ವರ್ ಅಲಿಯ ಹೊಡೆತ ಅಡ್ಡಪಟ್ಟಿಗೆ ಬಡಿಯಿತು, ಅದೇ ಚೆಂಡನ್ನು ಅಮೆರಿಕದವರು ಇನ್ನೊಂದು ತುದಿಗೆ ಒಯ್ದು ಮೂರನೇ ಗೋಲು ಮಾಡಿದರು.

ನಾನು ಹೊಗಳುವುದಕ್ಕೆ ಇನ್ನೊಂದು ಕಾರಣವೂ ಇದೆ. 21 ಹುಡುಗರ ಆ ತಂಡದಲ್ಲಿ ಎಂಟು ಮಂದಿ ಮಣಿಪುರದವರು. ಟೂರ್ನಿ ಮುಗಿದ ಮೇಲೆ ಬಹುತೇಕ ಹುಡುಗರನ್ನು ಚದುರಿಸದೆ ‘ಇಂಡಿಯನ್ ಆ್ಯರೋಸ್’ ಹೆಸರಿನಲ್ಲಿ ದೇಶದ ವೃತ್ತಿಪರ ಕ್ಲಬ್‌ಗಳ ಟೂರ್ನಿಯಾದ ಐ–ಲೀಗ್‌ನಲ್ಲಿ ದೊಡ್ಡವರ ಎದುರು ಆಡಿಸಿದರು. ಫಲ ಕಣ್ಣ ಮುಂದಿದೆ: ಜೀಕ್ಸನ್, ಅನ್ವರ್, ನಾಯಕ ಅಮರ್ಜಿತ್, ಸುರೇಶ್ ಸಿಂಗ್ ಎಲ್ಲರೂ ಹಿರಿಯರ ತಂಡ ಸೇರಿದರು. ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಚಿರಪರಿಚಿತನಾದ ಸುರೇಶ್ 2021ರ ಸ್ಯಾಫ್ (ದಕ್ಷಿಣ ಏಷ್ಯಾ) ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ನೇಪಾಳದ ವಿರುದ್ಧ ಗೋಲು ಹೊಡೆದ. ಇಷ್ಟಾದರೂ 2022ರಲ್ಲಿ ಆ್ಯರೋಸ್ ಪ್ರಯೋಗವನ್ನು ನಿಲ್ಲಿಸಿಬಿಟ್ಟರು. ಇದು ನನಗೆ ಮೂರು ಸೋಲುಗಳಿಗಿಂತ ಹೆಚ್ಚು ನೋವು ಕೊಟ್ಟ ಸುದ್ದಿ.

ಪ್ರಶ್ನೆ: ಆ ತಂಡದಲ್ಲಿ ಕನ್ನಡನಾಡಿನವರು ಯಾರಾದರೂ ಇದ್ದರೇ?
– ವಿದ್ಯಾರ್ಥಿ, ಕೋಲಾರ

ಮೇಲೆ ಹೇಳಿದ ಕಾರ್ನರ್ ಒದ್ದವನೇ! ಸಂಜೀವ್ ಸ್ಟಾಲಿನ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಎಡಬದಿಯ ರಕ್ಷಣಾ ಆಟಗಾರ. ಮುಂದೆ ಪೋರ್ಚುಗಲ್‌ನ ಅವೆಸ್ ಕ್ಲಬ್‌ಗೂ ಹೋಗಿ ಬಂದ.

ಪ್ರಶ್ನೆ: ಈ ಹುಡುಗರ ವಯಸ್ಸು ನಿಜಕ್ಕೂ ಹದಿನೇಳರ ಒಳಗೇ ಇರುತ್ತದೆಯೇ? ಜನನ ಪ್ರಮಾಣಪತ್ರವನ್ನು ನಂಬುವುದು ಹೇಗೆ?
– ದೈಹಿಕ ಶಿಕ್ಷಣ ಶಿಕ್ಷಕರು, ಗದಗ

ಫಿಫಾ ಕೇವಲ ಕಾಗದವನ್ನು ನಂಬುವುದಿಲ್ಲ. 2009ರ ನೈಜೀರಿಯಾ ಟೂರ್ನಿಯಿಂದ ಹುಡುಗರ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆ ನಡೆಯುತ್ತಿದೆ. ಮುಂಗೈಯ ರೇಡಿಯಸ್ ಮೂಳೆಯ ತುದಿಯಲ್ಲಿ ಬೆಳವಣಿಗೆಗೆ ಅವಕಾಶ ಕೊಡುವ ಮೃದ್ವಸ್ಥಿಯ ಪದರ ಇರುತ್ತದೆ. ವಯಸ್ಸು ಏರಿದಂತೆ ಅದು ಗಟ್ಟಿಯಾಗಿ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ. ಈ ಬೆಸುಗೆಯನ್ನು ಒಂದರಿಂದ ಆರರವರೆಗೆ ಶ್ರೇಣಿ ಮಾಡುತ್ತಾರೆ. ಆರು ಎಂದರೆ ಬೆಸುಗೆ ಪೂರ್ತಿ. ಹದಿನೇಳರ ಒಳಗೆ ಅದು ಬಹಳ ಅಪರೂಪ. ಅಂಥ ಹುಡುಗ ಆಡುವಂತಿಲ್ಲ. ಶಾಲಾ ಹಂತದಲ್ಲೇ ವಯಸ್ಸಿನ ವಿಚಾರದಲ್ಲಿ ಪ್ರಾಮಾಣಿಕರಾಗಿರಿ ಎಂದು ನಿಮ್ಮಂಥ ಶಿಕ್ಷಕರನ್ನು ಕೈಮುಗಿದು ಕೇಳುತ್ತೇನೆ. ದಾಖಲೆ ತಿದ್ದಿ ಆಡಿಸಿದ ಒಬ್ಬ ಹುಡುಗನಿಂದ ಸರಿಯಾದ ವಯಸ್ಸಿನ ಇನ್ನೊಬ್ಬನ ಜಾಗ ಹೋಗುತ್ತದೆ.

ಪ್ರಶ್ನೆ: ಆತಿಥೇಯರಾಗಿ ಆಡಿದ್ದು ಸರಿ. ಸ್ವಂತ ಬಲದಿಂದ ನಾವು ವಿಶ್ವಕಪ್‌ಗೆ ಹತ್ತಿರ ಹೋದದ್ದು ಯಾವಾಗ?
– ಓದುಗರು, ಶಿವಮೊಗ್ಗ

2018ರ ಅಕ್ಟೋಬರ್ 1ರಂದು. ಮಲೇಷ್ಯಾದಲ್ಲಿ ನಡೆದ 16 ವರ್ಷದೊಳಗಿನವರ ಏಷ್ಯಾ ಟೂರ್ನಿಯಲ್ಲಿ ತರಬೇತುದಾರ ಬಿಬಿಯಾನೊ ಫರ್ನಾಂಡಿಸ್ ಅವರ ತಂಡ ಗುಂಪು ಹಂತದಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ವಿಯೆಟ್ನಾಂ ವಿರುದ್ಧ ವಿಕ್ರಮ್ ಪ್ರತಾಪ್ ಸಿಂಗ್ ಪೆನಾಲ್ಟಿಯಲ್ಲಿ ಹೊಡೆದ ಗೋಲಿನಿಂದ 1–0 ಗೆಲುವು. ಇರಾನ್ ಮತ್ತು ಇಂಡೊನೇಷ್ಯಾ ಜೊತೆ 0–0. ಇರಾನ್ ಪಂದ್ಯದಲ್ಲಿ ಗೋಲ್‌ಕೀಪರ್ ನೀರಜ್ ಕುಮಾರ್ ಪೆನಾಲ್ಟಿ ತಡೆದ. ಕ್ವಾರ್ಟರ್‌ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು ಗೆದ್ದಿದ್ದರೆ ವಿಶ್ವಕಪ್ ಟಿಕೆಟ್ ನಮ್ಮದಾಗುತ್ತಿತ್ತು, ಏಕೆಂದರೆ ಆಗ ಏಷ್ಯಾದ ಸೆಮಿಫೈನಲ್ ತಲುಪಿದ ನಾಲ್ವರಿಗೆ ಮಾತ್ರ ಪ್ರವೇಶ. ದ್ವಿತೀಯಾರ್ಧದ ಒಂದು ಗೋಲಿನಿಂದ ಸೋತೆವು.

ಈಗ 17ರೊಳಗಿನವರ ವಿಶ್ವಕಪ್ 48 ತಂಡಗಳಿಗೆ ಹಿಗ್ಗಿದೆ, ಏಷ್ಯಾಕ್ಕೆ ಎಂಟು ಸ್ಥಾನಗಳಿವೆ. ಇಂದಿನ ನಿಯಮದಲ್ಲಾದರೆ ಆ ಕ್ವಾರ್ಟರ್‌ಫೈನಲ್ ಪ್ರವೇಶವೇ ಸಾಕಾಗುತ್ತಿತ್ತು. ಅದೇ ಬಿಬಿಯಾನೊ ಅವರ ಮಾರ್ಗದರ್ಶನದಲ್ಲಿ 2025ರ ನವೆಂಬರ್ 30ರಂದು ಅಹಮದಾಬಾದ್‌ನಲ್ಲಿ ಭಾರತ ಇರಾನ್ ತಂಡವನ್ನು 2–1ರಿಂದ ಮಣಿಸಿ 17ರೊಳಗಿನವರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಒಬ್ಬ ತರಬೇತುದಾರನಿಗೆ ಒಂದೇ ಹಂತದಲ್ಲಿ ವರ್ಷಾನುಗಟ್ಟಲೆ ಅನುಭವವಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಪ್ರಶ್ನೆ: ಭಾರತದ ಹುಡುಗರು ಅರ್ಜೆಂಟೀನಾವನ್ನು ಸೋಲಿಸಿದ್ದರಂತೆ, ಹೌದೇ?
– ಓದುಗರು, ಬಳ್ಳಾರಿ

ಹೌದು. 2018ರ ಆಗಸ್ಟ್‌ನಲ್ಲಿ ಸ್ಪೇನ್‌ನ ವೆಲೆನ್ಸಿಯಾ ಬಳಿ ನಡೆದ ಕೋಟಿಫ್ ಕಪ್‌ನಲ್ಲಿ 20 ವರ್ಷದೊಳಗಿನವರ ತಂಡ 2–1ರಿಂದ ಗೆದ್ದಿತು. ದೀಪಕ್ ಟಾಂಗ್ರಿ ಒಂದು ಗೋಲು, ಅನ್ವರ್ ಅಲಿ ಫ್ರೀಕಿಕ್‌ನಲ್ಲಿ ಇನ್ನೊಂದು. ಅದೂ ಅನಿಕೇತ್ ಜಾಧವ್ ಕೆಂಪು ಕಾರ್ಡ್ ಪಡೆದು ಹತ್ತೇ ಜನ ಉಳಿದಿದ್ದಾಗ. ಎದುರಾಳಿ ತಂಡದ ತರಬೇತುದಾರ ಲಿಯೊನೆಲ್ ಸ್ಕಲೋನಿ, 2022ರಲ್ಲಿ ಮೆಸ್ಸಿ ಪಡೆಗೆ ವಿಶ್ವಕಪ್ ಗೆದ್ದುಕೊಟ್ಟವರು. ಆದರೂ ಆ ಟೂರ್ನಿಯ ಪ್ರಶಸ್ತಿ ಅರ್ಜೆಂಟೀನಾಕ್ಕೇ ಹೋಯಿತು.

ಪ್ರಶ್ನೆ: 2022ರಲ್ಲಿ ನಮ್ಮ ಬಾಲಕಿಯರು ಅಮೆರಿಕದ ಎದುರು 0–8ರಿಂದ ಸೋತದ್ದನ್ನು ನೋಡಿ ನನ್ನ ಮಗಳು ತುಂಬಾ ನೊಂದುಕೊಂಡಿದ್ದಳು. ಅವಳೂ ಶಾಲಾ ತಂಡದಲ್ಲಿ ಆಡುತ್ತಾಳೆ. ಅವಳಿಗೆ ಏನು ಹೇಳಲಿ?
– ತಾಯಿ, ಮಡಿಕೇರಿ

ಅಮ್ಮ, ಆ ಸೋಲಿನ ಹಿಂದಿನ ಕಥೆಯನ್ನು ಅವಳಿಗೆ ಹೇಳಿ. 2020ರಲ್ಲಿ ಭಾರತದಲ್ಲಿ ನಡೆಯಬೇಕಿದ್ದ 17ರೊಳಗಿನ ಬಾಲಕಿಯರ ವಿಶ್ವಕಪ್ ಟೂರ್ನಿ ಕೋವಿಡ್‌ನಿಂದ ಮುಂದಕ್ಕೆ ಹೋಗಿ ರದ್ದಾಯಿತು; ಅದಕ್ಕೆಂದು ಸಿದ್ಧವಾಗಿದ್ದ ಹುಡುಗಿಯರ ವಯಸ್ಸು ಮೀರಿಹೋಯಿತು. ಹೊಸ ತಂಡ ಕಟ್ಟಿದ್ದಾಯಿತು. 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಒಕ್ಕೂಟವನ್ನೇ ಅಮಾನತು ಮಾಡಿತು. ಹತ್ತು ಹನ್ನೆರಡು ದಿನಗಳಲ್ಲಿ ಅದು ತೆರವಾಯಿತಾದರೂ, ಟೂರ್ನಿ ಇಲ್ಲಿ ನಡೆಯುತ್ತದೆಯೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲೇ ಆ ಮಕ್ಕಳು ಅಭ್ಯಾಸ ಮಾಡಿದರು. ಭುವನೇಶ್ವರದಲ್ಲಿ ಅಮೆರಿಕ, ಮೊರಾಕೊ, ಬ್ರೆಜಿಲ್ ಎದುರು ಒಟ್ಟು 16 ಗೋಲು ಬಿಟ್ಟುಕೊಟ್ಟರು, ಒಂದನ್ನೂ ಹೊಡೆಯಲಾಗಲಿಲ್ಲ. ಹೊಣೆಯನ್ನು ದೊಡ್ಡವರು ಹೊರಬೇಕಿತ್ತು.

ಆಮೇಲೆ 2025ರ ಅಕ್ಟೋಬರ್ 17ರ ಬಿಷ್ಕೆಕ್ ಪಂದ್ಯದ ಬಗ್ಗೆ ಹೇಳಿ. ಮೊದಲಾರ್ಧದಲ್ಲಿ ಉಜ್ಬೇಕಿಸ್ತಾನದ ಎದುರು ಹಿಂದಿದ್ದ ನಮ್ಮ 17ರೊಳಗಿನ ಬಾಲಕಿಯರು ವಿರಾಮದ ನಂತರ ತಾಂಡಾಮೋನಿ ಬಾಸ್ಕೆ ಮತ್ತು ಅನುಷ್ಕಾ ಕುಮಾರಿ ಹೊಡೆದ ಗೋಲುಗಳಿಂದ 2–1ರಲ್ಲಿ ಗೆದ್ದರು. ಅರ್ಹತಾ ಸುತ್ತನ್ನು ದಾಟಿ ಈ ವಯೋಮಾನದ ಏಷ್ಯಾ ಕಪ್‌ಗೆ ಹೋದ ಮೊದಲ ಭಾರತೀಯ ಬಾಲಕಿಯರ ತಂಡ ಅದು. ಆ ಪಂದ್ಯದ ದೃಶ್ಯಗಳು ಸಿಕ್ಕರೆ ಮಗಳ ಪಕ್ಕದಲ್ಲಿ ಕುಳಿತು ನೀವೂ ನೋಡಿ.