ಕೋಳಿಗೊಬ್ಬರದ ಜಮಾ-ಖರ್ಚು

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಹೆರೆಫರ್ಡ್‌ಗೆ ಹೋಗಿ ಐದು ತಿಂಗಳು ಇದ್ದು ಬಂದೆ. ಮನೆ ಹತ್ತಿರವೇ ವೈ ನದಿ. ಏಪ್ರಿಲ್‌ನಲ್ಲಿ ತಳದ ಕಲ್ಲು ಕಾಣುತ್ತಿತ್ತು. ಜೂನ್ ಕೊನೆಗೆ ಹೆಸರುಕಾಳಿನ ಕಟ್ಟಿನ ಹಾಗೆ ಹಸಿರಾಯಿತು. ನಾನು ನಡೆದಷ್ಟು ದೂರ ಕಾರ್ಖಾನೆಯೇ ಇಲ್ಲ, ಬರೀ ಹುಲ್ಲುಗಾವಲು, ಸೇಬಿನ ತೋಟ. 'ಎಲ್ಲ ಕೋಳಿಗೊಬ್ಬರದ ಪ್ರತಾಪ' ಎಂದರು ಅಳಿಯ. ಶುಂಠಿಗೆಂದು ನಾವು ದುಡ್ಡು ಕೊಟ್ಟು ಲಾರಿಯಲ್ಲಿ ತರಿಸುವ ಗೊಬ್ಬರ ನದಿ ಕೆಡಿಸುವುದುಂಟೇ?
— ಓದುಗರು, ಸೊರಬ ತಾಲ್ಲೂಕು

ಉತ್ತರ: ನಿಮ್ಮ ಅಳಿಯಂದಿರು ಹೇಳಿದ್ದು ಬಹುಪಾಲು ಸರಿ ತಾಯಿ. ಊರುಗಳ ಒಳಚರಂಡಿ ನೀರಿನದೂ ಪಾಲಿದೆ, ಆದರೆ ದೊಡ್ಡ ಪಾಲು ಹೊಲದ್ದೇ.

ವೇಲ್ಸ್‌ನ ಪ್ಲಿನ್‌ಲಿಮನ್ ಬೆಟ್ಟದಲ್ಲಿ ಹುಟ್ಟಿ ಸೆವೆರ್ನ್ ಸೇರುವ ಸುಮಾರು 250 ಕಿ.ಮೀ. ಉದ್ದದ ಈ ನದಿಯ ಬಯಲಿನಲ್ಲಿ ಯಾವ ಹೊತ್ತಿಗೂ 2 ಕೋಟಿಗೂ ಹೆಚ್ಚು ಕೋಳಿಗಳಿರುತ್ತವೆ. ಅವು ತಿನ್ನುವ ಸೋಯಾ ಬಹುಪಾಲು ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬರುತ್ತದೆ. ಕಾಳಿನೊಳಗಿನ ರಂಜಕದ (ಫಾಸ್ಫರಸ್) ಬಹುಭಾಗ ಫೈಟೇಟ್ ಎಂಬ ರೂಪದಲ್ಲಿರುತ್ತದೆ, ಕೋಳಿಯ ಹೊಟ್ಟೆಗೆ ಅದು ಸರಿಯಾಗಿ ಕರಗುವುದಿಲ್ಲ. ತಿಂದದ್ದು ಹಿಕ್ಕೆಯಲ್ಲಿ ಹೊರಗೆ. ಅಂದರೆ ಎಲ್ಲಿಯದೋ ಮಣ್ಣಿನ ಸಾರ ಕಡಲು ದಾಟಿ ಬಂದು ವೈ ದಂಡೆಯ ಹೊಲಕ್ಕೆ ಬೀಳುತ್ತದೆ. ಮಾಂಸವಾಗಿ, ಮೊಟ್ಟೆಯಾಗಿ, ಧಾನ್ಯವಾಗಿ ಹೊರಗೆ ಹೋಗುವುದು ಅದಕ್ಕಿಂತ ಕಡಿಮೆ. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2022ರಲ್ಲಿ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 3,000 ಟನ್ ರಂಜಕ ಉಳಿಕೆ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ 3 ಲಕ್ಷ ಮೂಟೆ ಡಿಎಪಿಯಲ್ಲಿರುವಷ್ಟು, ಪ್ರತಿ ವರ್ಷ, ಅದೇ ಮಣ್ಣಿನಲ್ಲಿ.

ಮಣ್ಣು ಪರೀಕ್ಷೆಯ ಕೆಲಸದಲ್ಲಿ ಕೂದಲು ಹಣ್ಣಾದವನು ನಾನು. ರೈತರು ಕೇಳುತ್ತಿದ್ದುದು ಒಂದೇ: 'ಸಾರ್, ಯೂರಿಯಾ ಎಷ್ಟು ಹಾಕಲಿ?' ಸಾರಜನಕ ತಪ್ಪಿದರೆ ಎಲೆ ಹಳದಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಅದನ್ನು ನೋಡಿ ಕೋಳಿಗೊಬ್ಬರ ಸುರಿದರೆ ರಂಜಕ ಬೇಡದಷ್ಟು ಬೀಳುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಸಾರಜನಕ ಒಂದಿಷ್ಟು ಗಾಳಿಗಾದರೂ ಹಾರಿಹೋದೀತು. ರಂಜಕಕ್ಕೆ ಆ ದಾರಿ ಇಲ್ಲ. ಮಣ್ಣಿನ ಕಣಕ್ಕೆ ಅಂಟಿ ಕೂರುತ್ತದೆ, ಮಣ್ಣು ಕೊಚ್ಚಿಹೋದರೆ ಜೊತೆಗೇ ಹೋಗುತ್ತದೆ. ಹೆರೆಫರ್ಡ್ ಸೀಮೆಯ ಕೆಂಪು ಮಣ್ಣು ಮಳೆಗೆ ಬೇಗ ಕರಗುವಂಥದ್ದು. ಆ ಮಣ್ಣನ್ನು ಆ್ಯರೋ ಹೊಳೆ ಲಗ್ ನದಿಗೆ ತರುತ್ತದೆ, ಲಗ್ ನದಿ ನಿಮ್ಮ ಮಗಳ ಊರಿನ ಕೆಳಗೆ ವೈಗೆ ಸುರಿಯುತ್ತದೆ.

ಸಿಹಿನೀರಿನಲ್ಲಿ ಪಾಚಿಯ ಬಾಯಿ ಕಟ್ಟಿರುವುದೇ ಸಾಮಾನ್ಯವಾಗಿ ರಂಜಕದ ಕೊರತೆಯಿಂದ. ಅದು ಸಿಕ್ಕಿ, ನೀರು ಕಡಿಮೆಯಾಗಿ, ಬಿಸಿಲು ಬಿತ್ತೆಂದರೆ ನೀವು ಕಂಡ ಹೆಸರುಕಟ್ಟು. ಕೆಳಗೆ ಬೆಳಕಿಲ್ಲದೆ ಬಿಳಿ ಹೂ ಬಿಡುವ ವಾಟರ್ ಕ್ರೋಫೂಟ್ ಎಂಬ ನೀರುಗಿಡ ಸಾಯುತ್ತದೆ. ಮೀನುಮರಿ, ಹುಳುಹುಪ್ಪಟೆಗೆ ಅದೇ ಮನೆ. ರಾತ್ರಿ ಪಾಚಿಯೂ ಉಸಿರಾಡಿ ನೀರಿನ ಆಮ್ಲಜನಕ ಕುಸಿದಾಗ ಸಾಲ್ಮನ್‌ಗೆ ಕುತ್ತು. 2023ರಲ್ಲಿ ಸರಕಾರದ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆಯೇ ಈ ನದಿಯ ಸ್ಥಿತಿ ಹದಗೆಡುತ್ತಿದೆ ಎಂದು ದಾಖಲಿಸಿತು. ಅದಕ್ಕೂ ಮೊದಲು, 2019ರಿಂದ, ಲಗ್ ಬಯಲಿನಲ್ಲಿ ಹೊಸ ಮನೆಗಳ ಪರವಾನಗಿಗೇ ತಡೆ ಬಿತ್ತು. ಮನೆ ಹೆಚ್ಚಿದರೆ ಚರಂಡಿಯ ರಂಜಕವೂ ಹೆಚ್ಚುತ್ತದಲ್ಲ. ಕೋಳಿ ಉಂಡದ್ದಕ್ಕೆ ಗಾರೆ ಕೆಲಸದವನ ಕೈ ಖಾಲಿ!

ಕೋಳಿಯ ಆಹಾರಕ್ಕೆ, ಫೈಟೇಟನ್ನು ಒಡೆದು ರಂಜಕ ಮೈಗೆ ಹತ್ತುವಂತೆ ಮಾಡುವ ಫೈಟೇಸ್ ಕಿಣ್ವ ಬೆರೆಸುತ್ತಾರೆ, ಗೊಬ್ಬರವನ್ನು ಬೇರೆ ಸೀಮೆಗೂ ಸಾಗಿಸುತ್ತಾರೆ. ಎರಡೂ ಒಳ್ಳೆಯದೇ. ಆದರೆ ಇಂದು ಎಲ್ಲ ನಿಲ್ಲಿಸಿದರೂ ಮಣ್ಣಲ್ಲಿ ಕೂತದ್ದು ವರ್ಷಗಟ್ಟಲೆ ಜಿನುಗುತ್ತಲೇ ಇರುತ್ತದೆ.

ಇನ್ನು ನಿಮ್ಮ ಶುಂಠಿ. ಗೊಬ್ಬರ ವಿಷವಲ್ಲ, ಮಿಗಿಸಿ ಹಾಕುವುದು ಕೇಡು. ಮುಂದಿನ ಲಾರಿಗೆ ಮುಂಗಡ ಕೊಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ವರದಿಯಲ್ಲಿ ರಂಜಕದ ಸಾಲಿನ ಎದುರು 'ಹೆಚ್ಚು' ಎಂದಿದ್ದರೆ ಆ ಲಾರಿ ಬೇಡವೆನ್ನಿ. ತರಿಸಿದರೂ ಮಳೆಗಾಲದ ಹೊಸ್ತಿಲಲ್ಲಿ ಹೊಲದಂಚಿಗೆ ರಾಶಿ ಹಾಕಿಸಬೇಡಿ. ಜೂನ್ ಮಳೆಗೆ ಅರ್ಧ ನಿಮ್ಮೂರ ದಂಡಾವತಿ ಹೊಳೆಯ ಪಾಲು, ಲಾರಿ ಬಾಡಿಗೆ ಮಾತ್ರ ಪೂರ್ತಿ ನಿಮ್ಮದು.