ತಮ್ಮನಿಗೆ ಹಾಕಿಸಿದ ಲಸಿಕೆ ಅಕ್ಕನಿಗೆ ತಗಲುತ್ತದೆಯೇ?

ಪತ್ರ: ಐದು ವರ್ಷದ ಮಗಳಿಗೆ ರಕ್ತದ ಕ್ಯಾನ್ಸರ್, ಎರಡು ತಿಂಗಳಿಂದ ಕಿಮೋ ನಡೆಯುತ್ತಿದೆ. ಚಿಕ್ಕವನಿಗೆ ಒಂಬತ್ತು ತಿಂಗಳು ತುಂಬಿತು, ದಡಾರದ ಇಂಜೆಕ್ಷನ್ ಹಾಕಿಸಬೇಕು. ಅದರಲ್ಲಿ ಜೀವಂತ ವೈರಸ್ ಇರುತ್ತದಂತೆ, ಅಕ್ಕನ ಚಿಕಿತ್ಸೆ ಮುಗಿಯುವವರೆಗೆ ಬೇಡ ಎನ್ನುತ್ತಾರೆ ಮನೆಯವರು. ಏನು ಮಾಡಲಿ?
– ಓದುಗರೊಬ್ಬರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ: ಹಾಕಿಸಿಬಿಡಿ ತಾಯಿ, ಮುಂದಿನ ಲಸಿಕೆ ದಿನವೇ ಹಾಕಿಸಿ. ಮನೆಯವರ ಮಾತು ಅರ್ಧ ನಿಜ. ದಡಾರ-ರುಬೆಲ್ಲಾ ಲಸಿಕೆಯಲ್ಲಿ ಶಕ್ತಿ ಕುಂದಿಸಿದ ಜೀವಂತ ವೈರಸ್ಸೇ ಇರುತ್ತದೆ. ಅದಕ್ಕೇ ನಿಮ್ಮ ಮಗಳಿಗೆ ಈಗ ಅದನ್ನು ಕೊಡುವಂತಿಲ್ಲ. ಆದರೆ ಲಸಿಕೆ ಹಾಕಿಸಿಕೊಂಡ ಮಗುವಿನಿಂದ ಅದು ಮತ್ತೊಬ್ಬರಿಗೆ ದಾಟುವುದಿಲ್ಲ. ವಾರ, ಹನ್ನೆರಡು ದಿನ ಕಳೆದು ಚಿಕ್ಕವನಿಗೆ ಸ್ವಲ್ಪ ಜ್ವರ ಬಂದು ಮೈಮೇಲೆ ತೆಳುವಾಗಿ ಕೆಂಪು ದದ್ದು ಎದ್ದರೆ ವೈದ್ಯರಿಗೆ ತಿಳಿಸಿ. ಲಸಿಕೆಯಿಂದ ಎದ್ದ ದದ್ದಾದರೆ ಅಕ್ಕತಮ್ಮನನ್ನು ಬೇರೆ ಮಾಡಬೇಕಿಲ್ಲ.

ಭಯಪಡಬೇಕಾದದ್ದು ನಿಜವಾದ ದಡಾರಕ್ಕೆ. ದದ್ದು ಕಾಣುವ ನಾಲ್ಕು ದಿನ ಮೊದಲೇ ಅದು ಹರಡಲು ಶುರು. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ವೈರಸ್ ಉಳಿಯಬಲ್ಲದು. ರಕ್ಷಣೆ ಇಲ್ಲದ ಹತ್ತು ಜನ ಹತ್ತಿರವಿದ್ದರೆ ಒಂಬತ್ತು ಜನಕ್ಕೆ ತಗಲುತ್ತದೆ. ಮಗಳಿಗೆ ಹಿಂದೆ ಎರಡು ಡೋಸ್ ಆಗಿದ್ದರೂ ಕಿಮೋ ಆ ರಕ್ಷಣೆಯನ್ನು ತಗ್ಗಿಸಬಹುದು. ಇಂಥ ಮಕ್ಕಳಲ್ಲಿ ದದ್ದೇ ಏಳದೆ ದಡಾರ ಶ್ವಾಸಕೋಶಕ್ಕೆ ಇಳಿಯುವುದುಂಟು. ಅವಳನ್ನು ದಿನವಿಡೀ ಮುಟ್ಟುವವನು ತಮ್ಮನೇ ಅಲ್ಲವೇ?

ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ಜೊತೆಗೆ ಕೊಟ್ಟ ದ್ರವದಲ್ಲಿ ಕಲಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು. ಸಿಸ್ಟರ್ ಬಾಟಲಿಯ ಮೇಲೆ ಬರೆದ ಸಮಯ ನೋಡಿ, ಸಂಕೋಚ ಬೇಡ. ಬಲತೋಳಿನ ಚರ್ಮದಡಿಗೆ 0.5 ಎಂ.ಎಲ್. ಹಾಕುತ್ತಾರೆ. ಅಂದೇ ಎಡತೋಳಿಗೆ ಪೋಲಿಯೋ ಚುಚ್ಚುಮದ್ದು 0.1 ಎಂ.ಎಲ್., ತೊಡೆಗೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ. ಎಲ್ಲವನ್ನೂ ಒಂದೇ ದಿನ ಹಾಕಿಸಬಹುದು.

ನಿಮ್ಮ ಮನೆಗೆ ಬೇಡವಾದದ್ದು ಒಂದೇ, ಬಾಯಿಗೆ ಹಾಕುವ ಪೋಲಿಯೋ ಹನಿ. ಅದರ ವೈರಸ್ ಕರುಳಲ್ಲಿ ಬೆಳೆದು ವಾರಗಟ್ಟಲೆ ಮಲದಲ್ಲಿ ಹೋಗುತ್ತದೆ. ಒಂಬತ್ತನೇ ತಿಂಗಳಿಗೆ ಹನಿ ಇಲ್ಲ. ಬರುವುದು ಹದಿನಾರನೇ ತಿಂಗಳ ಬೂಸ್ಟರಿನಲ್ಲಿ ಮತ್ತು ಪಲ್ಸ್ ಪೋಲಿಯೋ ಭಾನುವಾರ. "ಮನೆಯಲ್ಲಿ ಕಿಮೋ ಆಗುತ್ತಿರುವ ಮಗು ಇದೆ, ಇಬ್ಬರಿಗೂ ಹನಿ ಬೇಡ" ಎಂದು ತಾಯಿ ಕಾರ್ಡಿನ ಮೇಲೆ ಈಗಲೇ ಕೆಂಪು ಶಾಯಿಯಲ್ಲಿ ಬರೆಸಿಡಿ. ಬೂತಿನವರು ಒಳ್ಳೆಯ ಮನಸ್ಸಿನಿಂದಲೇ ಬಾಯಿ ತೆರೆಸುತ್ತಾರೆ, ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ! ಚಿಕ್ಕವನಿಗೆ ಹನಿಯ ಬದಲು ಚುಚ್ಚುಮದ್ದು ಕೇಳಿ. ತಪ್ಪಿ ಹಾಕಿಬಿಟ್ಟರೆ ಮಗಳ ವೈದ್ಯರಿಗೆ ತಿಳಿಸಿ. ನಾಲ್ಕರಿಂದ ಆರು ವಾರ ಅವನ ಮಲ ತೊಳೆದ ಕೈಯನ್ನು ಸೋಪಿನಿಂದ ಉಜ್ಜಿ ತೊಳೆದ ಮೇಲೆಯೇ ಅವಳನ್ನು ಮುಟ್ಟಿ.

ಫ್ಲೂ ಇಂಜೆಕ್ಷನ್ ಮನೆಯವರೆಲ್ಲ ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಿ. ಚಿಕ್ಕವನಿಗೆ ಮೊದಲ ಸಲ ನಾಲ್ಕು ವಾರ ಬಿಟ್ಟು ಎರಡು ಡೋಸ್.

ಮಗಳು ದಡಾರದ ಮಗುವಿನ ಹತ್ತಿರ ಇದ್ದಳೆಂದು ತಿಳಿದರೆ, ಅವಳಿಗೆ ಜ್ವರವಿಲ್ಲದಿದ್ದರೂ ಅದೇ ದಿನ ಅವಳ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ. ಆರು ದಿನದೊಳಗೆ ಇಮ್ಯುನೋಗ್ಲೋಬ್ಯುಲಿನ್ (ರೋಗದ ವಿರುದ್ಧ ಹೋರಾಡುವ ಸಿದ್ಧ ಪ್ರತಿಕಾಯಗಳ ಮದ್ದು) ಕೊಡಬಹುದು, ಆಮೇಲೆ ಅದರಿಂದ ಪ್ರಯೋಜನ ಕಡಿಮೆ. ಫೋನ್ ಮಾಡದೆ ನೇರ ಹೊರಡಬೇಡಿ. ಆ ವಾರ್ಡಿನ ಬೆಂಚಿನ ಮೇಲೆ ಕೂತಿರುವವರೆಲ್ಲ ನಿಮ್ಮ ಮಗಳಂಥ ಮಕ್ಕಳೇ.