ಕೊಲೆಸ್ಟ್ರಾಲ್ ರಿಪೋರ್ಟ್ ನಂಬಬಹುದಾ?

ಪ್ರಶ್ನೆ: ನನಗೆ 42 ವರ್ಷ, ಊರು ದಾವಣಗೆರೆ. ಸಣ್ಣಗಿದ್ದೇನೆ, ಕರಿದದ್ದು ತಿನ್ನುವುದೇ ಅಪರೂಪ. ಆದರೂ ಒಟ್ಟು ಕೊಲೆಸ್ಟ್ರಾಲ್ 268, ಟ್ರೈಗ್ಲಿಸರೈಡ್ 430 ಬಂದಿದೆ. ಮದುವೆ ಊಟ ಮುಗಿಸಿ ನೇರ ಲ್ಯಾಬ್‌ಗೆ ಹೋಗಿದ್ದೆ. ರಿಪೋರ್ಟ್ ತಪ್ಪಿರಬಹುದಾ ಡಾಕ್ಟ್ರೇ?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ ತಾಯಿ. ಊಟ ಮಾಡಿದರೆ ಏರುವುದು ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು. ಒಟ್ಟು ಕೊಲೆಸ್ಟ್ರಾಲ್ ಒಂದು ಊಟಕ್ಕೆ ಅಷ್ಟೇನೂ ಬದಲಾಗುವುದಿಲ್ಲ. ಇನ್ನು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಸಾಲು ನೋಡಿ. ಎಷ್ಟೋ ಲ್ಯಾಬ್‌ಗಳು ಅದನ್ನು ಅಳೆಯುವುದೇ ಇಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ. ಎರಡು ವಾರ ಬಿಟ್ಟು, ರಾತ್ರಿಯಿಂದ 12 ಗಂಟೆ ಬರೀ ನೀರು ಕುಡಿದು, ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ. ‘ಡೈರೆಕ್ಟ್ ಎಲ್‌ಡಿಎಲ್’ (ಲೆಕ್ಕ ಹಾಕದೆ ನೇರವಾಗಿ ಅಳೆಯುವುದು) ಅಂತಲೇ ಕೇಳಿ. ಜೊತೆಗೆ ಸಕ್ಕರೆ, ಥೈರಾಯ್ಡ್ ಟೆಸ್ಟ್ ಬೇಕೇ ಬೇಕು. ಥೈರಾಯ್ಡ್ ಕಮ್ಮಿಯಾದರೆ ಸಣ್ಣಗಿರುವವರಲ್ಲೂ ಕೊಲೆಸ್ಟ್ರಾಲ್ ಏರುತ್ತದೆ. ಅಪ್ಪ, ಅಮ್ಮನಿಗೆ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ ನಿಮ್ಮ ಡಾಕ್ಟರಿಗೆ ಮರೆಯದೆ ಹೇಳಿ.